ಹುಬ್ಬಳ್ಳಿಯ ಸಿಪಿಆರ್ ಕ್ಲಾಸು: ಹೋಗಿ, ಆದರೆ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಕೇಳಿ

ಮೊದಲೇ ಹೇಳಿಬಿಡುತ್ತೇನೆ. ಸಿಪಿಆರ್ ಅಂದರೆ ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಉಳಿಸಲು ನೋಡುವುದು. ಅದನ್ನು ಕಲಿಸುವ ಈ ಕ್ಲಾಸು ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಇದನ್ನು ಮಾಡಿರುವುದು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗಾಗಿ, ನಮ್ಮಂಥ ಮನೆಮಂದಿಗಲ್ಲ. ಮನೆಯಲ್ಲಿ ವಯಸ್ಸಾದವರು, ಓಡಾಡುವ ಮಕ್ಕಳು, ತೊಟ್ಟಿಲ ಕೂಸು ಇರುವವರಿಗೆ ಬೇಕಾದದ್ದು ಇಡೀ ದಿನದಲ್ಲಿ ಎರಡು-ಮೂರು ತಾಸಿನಷ್ಟು ಮಾತ್ರ. ಅದರಲ್ಲೂ ಕೂಸಿನ ಪಾಠ ಬರುವುದು ಎಲ್ಲರೂ ಬ್ಯಾಗು ಹೆಗಲಿಗೇರಿಸಿ ಬಸ್ಸಿನ ಟೈಮು ನೋಡುವ ಹೊತ್ತಿಗೆ. ಕೇಂದ್ರದ ಹೆಸರು ಹಾಕುತ್ತಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನೀವು ಯಾರ ಹತ್ತಿರ ಹೋದರೂ ಕೇಳಿಕೊಳ್ಳಬೇಕಾದ ಮಾತು ಇವೇ.

ನಾನು ಹೋಗಿದ್ದು ಮನೆಯ ಕಾರಣಕ್ಕೆ. ಮಾವನವರಿಗೆ ಬೈಪಾಸ್ ಆಗಿದೆ. ನಾದಿನಿ ಬಾಣಂತನಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ, ಅವಳ ಕೂಸು ಈಗ ಅಂಬೆಗಾಲಿಡುತ್ತಾ ನೆಲದ ಮೇಲೆ ಏನು ಸಿಕ್ಕರೂ ಬಾಯಿಗೆ ಹಾಕಿಕೊಳ್ಳುತ್ತದೆ. ಬ್ಯಾಚಿನಲ್ಲಿ ಹದಿನೈದು-ಹದಿನಾರು ಜನ ಇದ್ದೆವು. ಅರ್ಧಕ್ಕಿಂತ ಜಾಸ್ತಿ ನರ್ಸಿಂಗ್ ಹುಡುಗಿಯರು, ಅವರಿಗೆ ನೌಕರಿಗೆ ಸಿಪಿಆರ್ ಕಲಿತ ಕಾರ್ಡು ಬೇಕು. ಒಬ್ಬ ಜಿಮ್ ಟ್ರೇನರ್, ನವಲಗುಂದದ ಕಡೆಯ ಒಬ್ಬ ಶಾಲಾ ಮಾಸ್ತರರು, ಗೋಕುಲ ರೋಡಿನ ಕಾರ್ಖಾನೆಯೊಂದರ ಸೇಫ್ಟಿ ಆಫೀಸರ್, ಮತ್ತೆ ನಾವು ಮೂರು ಜನ ಸುಮ್ನೆ ಮನೆಯವರು. ಕಲಿಸಿದವರು ವರ್ಷಗಟ್ಟಲೆ ಐಸಿಯು ಡ್ಯೂಟಿ ಮಾಡಿದ ಬ್ರದರ್, ಅಂದರೆ ಗಂಡು ನರ್ಸ್. ಅವರ ಬಗ್ಗೆ ಒಂದು ಮಾತೂ ಕೆಟ್ಟದ್ದು ಹೇಳುವ ಹಾಗಿಲ್ಲ. ಮುಕ್ಕಾಲು ಪಾಠ ಕನ್ನಡದಲ್ಲೇ ಹೇಳಿದರು, ಅದೂ ನಮ್ಮ ಹುಬ್ಬಳ್ಳಿ ಕನ್ನಡದಲ್ಲಿ.

ಶುರುವಿನಲ್ಲೇ ಒಂದು ಗೊಂದಲ ಬಿಡಿಸಿದ್ದು ನನಗೆ ಬಹಳ ಹಿಡಿಸಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರಲ್ಲ, ಬರೀ 46 ವಯಸ್ಸಿಗೆ, ಆವಾಗಿನಿಂದ ನಮ್ಮಲ್ಲಿ ಎದೆ ಹಿಡಿದುಕೊಂಡವರನ್ನೆಲ್ಲ ನೆಲಕ್ಕೆ ಮಲಗಿಸಿ ಒತ್ತಬೇಕು ಅಂದುಕೊಂಡವರೇ ಜಾಸ್ತಿ. ಹಾಗಲ್ಲ. ಹಾರ್ಟ್ ಅಟ್ಯಾಕ್ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಆ ಮನುಷ್ಯ ಬೆವರುತ್ತಿರುತ್ತಾನೆ, ನೋವು ಅನ್ನುತ್ತಾನೆ, ಮಾತಾಡುತ್ತಾನೆ. ಅವನ ಎದೆ ಒತ್ತಬಾರದು, ಬೇಗ ಇಸಿಜಿ ಆಗಬೇಕು. ಈಗ ಪುನೀತ್ ಹೆಸರಿನದೇ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಕಳಿಸುತ್ತಾರೆ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಕಾರ್ಡಿಯಾಕ್ ಅರೆಸ್ಟ್ ಬೇರೆ. ಅದರಲ್ಲಿ ಹೃದಯ ರಕ್ತ ದೂಡುವುದನ್ನೇ ನಿಲ್ಲಿಸಿಬಿಡುತ್ತದೆ. ಮನುಷ್ಯ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಸಿಪಿಆರ್ ಬೇಕಾಗಿರುವುದು ಅವನಿಗೆ. ಅಟ್ಯಾಕ್ ಆದವರಿಗೆ ಮುಂದೆ ಅರೆಸ್ಟ್ ಆಗಬಹುದು, ಹಾಗಾಗಿ ಪಕ್ಕದಲ್ಲಿ ಯಾರಾದರೂ ಇರಬೇಕು. ಒಬ್ಬರೇ ಇದ್ದಾಗ ಎದೆ ನೋವು ಬಂದರೆ ಜೋರಾಗಿ ಕೆಮ್ಮುತ್ತಾ ಇರಿ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದನ್ನು ನಂಬಿಕೊಂಡು ಕೂರಬೇಡಿ ಅಂದರು ಸರ್. ಕೆಮ್ಮುತ್ತಾ ಕೂರುವ ಬದಲು 108ಕ್ಕೆ ಫೋನ್ ಹಚ್ಚಿ.

ಆಮೇಲೆ ಗೊಂಬೆಗಳು. ಈ ಕ್ಲಾಸಿಗೆ ನಾನು ಒಳ್ಳೆಯ ಅಂಕ ಕೊಡುವುದು ಇದಕ್ಕೇ. ದೊಡ್ಡವರ ಗೊಂಬೆ ನಾಲ್ಕಿದ್ದವು, ಅಂದರೆ ನಾಲ್ಕು ಜನಕ್ಕೆ ಒಂದು. ನಿಂತು ನೋಡುವುದಕ್ಕಿಂತ ಒತ್ತುವುದೇ ಜಾಸ್ತಿ ಆಯಿತು. ಸಾಕಷ್ಟು ಆಳಕ್ಕೆ ಒತ್ತಿದರೆ ಒಳಗೆ ಟಕ್ ಅನ್ನುತ್ತದೆ. ಆ ಟಕ್ ಕೇಳಿಸಿಕೊಳ್ಳುವುದು ಸುಲಭ ಅಲ್ಲ. ಬೇಕಾದ ಆಳ ಐದು ಸೆಂಟಿಮೀಟರ್, ಆರಕ್ಕಿಂತ ಜಾಸ್ತಿ ಬೇಡ. ಕೇಳಲು ಕಡಿಮೆ ಅನ್ನಿಸುತ್ತದೆ ಅಲ್ವಾ? ಮೊದಲ ಸುತ್ತಿನಲ್ಲಿ ನಮ್ಮ ಗುಂಪಿನ ಹೆಣ್ಣುಮಕ್ಕಳಲ್ಲಿ ಯಾರಿಗೂ ಟಕ್ ಬರಲಿಲ್ಲ. ತೋಳಿನ ಬಲದಿಂದ ಒತ್ತುತ್ತಿದ್ದೆವು. ಸರ್ ಬಂದು, "ಅಕ್ಕಾರ, ಮೊಣಕೈ ಮಡಚಬ್ಯಾಡ್ರಿ, ಹಿಟ್ಟು ನಾದಿದಂಗ ಅಲ್ರೀ ಇದು" ಅಂದರು. ಮೊಣಕಾಲೂರಿ ಗೊಂಬೆಗೆ ತಾಗಿ ಕೂತು, ಒಂದು ಅಂಗೈಯ ಬುಡವನ್ನು ಎದೆಯ ನಡುಮಧ್ಯ, ಎದೆ ಎಲುಬಿನ ಕೆಳ ಅರ್ಧಕ್ಕೆ ಇಟ್ಟು, ಇನ್ನೊಂದು ಕೈ ಅದರ ಮೇಲೆ ಹೆಣೆದು, ಹೆಗಲು ಸೀದಾ ಕೈಗಳ ಮೇಲೆ ಬರುವ ಹಾಗೆ ಬಾಗಿ, ಸೊಂಟದಿಂದ ಮೈಭಾರ ಬಿಡಬೇಕು. ಹಾಗೆ ಮಾಡಿದ ಕೂಡಲೇ ಟಕ್ ಟಕ್ ಶುರುವಾಯಿತು. ನಲವತ್ತೈದು ಕಿಲೋ ಕೂಡ ಇರದ ಒಬ್ಬ ನರ್ಸಿಂಗ್ ಹುಡುಗಿ ಜಿಮ್ ಟ್ರೇನರಿಗಿಂತ ಚೆನ್ನಾಗಿ ಒತ್ತಿದಳು. ಅವನು ತೋಳಲ್ಲೇ ಒತ್ತುತ್ತಿದ್ದ, ನಿಮಿಷ ಆಗುವುದರೊಳಗೆ ಬೆವರಿಳಿಯಿತು.

ಇನ್ನೊಂದು ಸೂಕ್ಷ್ಮ ಇದೆ. ಒತ್ತಿದ ಮೇಲೆ ಪೂರ್ತಿ ಬಿಡಬೇಕು. ಎದೆ ಮೇಲೆದ್ದಾಗಲೇ ಹೃದಯಕ್ಕೆ ರಕ್ತ ತುಂಬುವುದು. ದಣಿದವರು ಗೊಂಬೆಯ ಮೇಲೆ ಒರಗಿಬಿಡುತ್ತಾರೆ, ಆಗ ಒತ್ತಿದ್ದೂ ದಂಡ. ನಿಮಿಷಕ್ಕೆ 100ರಿಂದ 120 ಬಾರಿ. 30 ಸಲ ಒತ್ತಿ 2 ಉಸಿರು. ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಬೇಕು, ಬದಲಾಗುವಾಗ ಹತ್ತು ಸೆಕೆಂಡಿಗಿಂತ ಜಾಸ್ತಿ ಕೈ ನಿಲ್ಲಬಾರದು. ಎಣಿಕೆಯಲ್ಲಿ ನಮಗೆ ತೊಂದರೆ ಆಯಿತು. ಹತ್ತರವರೆಗೆ ಸರಿ, ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಬಾಯಿ ತುಂಬಾ ಹೇಳುವಷ್ಟರಲ್ಲಿ ಕೈ ನಿಧಾನ ಆಗಿಬಿಡುತ್ತದೆ. ಮಾಸ್ತರರು ಒಂದರಿಂದ ಹತ್ತನ್ನು ಮೂರು ಸಲ ಹೇಳಿ ಬಗೆಹರಿಸಿದರು. ಇದನ್ನು ಸರ್ ಕೂಡ ಬರೆದುಕೊಂಡರು.

ಈ ಗೊಂಬೆಯ ಕಥೆಯನ್ನು ಕ್ಲಾಸಿನಲ್ಲಿ ಹೇಳಲಿಲ್ಲ, ಹೇಳಬಹುದಿತ್ತು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆ ಕೊಯ್ಯದೆ ಹೊರಗಿನಿಂದ ಒತ್ತಿಯೇ ರಕ್ತ ಓಡಿಸಬಹುದು ಅಂತ ಬರೆದು ತೋರಿಸಿದರು. ಅದೇ ವರ್ಷ ನಾರ್ವೆಯಲ್ಲಿ ಆಸ್ಮಂಡ್ ಲೇರ್ಡಾಲ್ ಎಂಬ ಆಟಿಕೆ ಮಾಡುವವರು ಕಲಿಯಲಿಕ್ಕೆ ಗೊಂಬೆ ಮಾಡಿದರು. ಅವರ ಎರಡು ವರ್ಷದ ಮಗ ನೀರಿನಲ್ಲಿ ಮುಳುಗಿ ಹೋಗುವುದರಲ್ಲಿದ್ದ, ಅವರೇ ಎತ್ತಿ ಉಳಿಸಿಕೊಂಡಿದ್ದರು. ಗೊಂಬೆಗೆ ಕೊಟ್ಟ ಮುಖ ಪ್ಯಾರಿಸ್‌ನ ಸೀನ್ ನದಿಯಲ್ಲಿ ಸಿಕ್ಕ ಹೆಸರು ಗೊತ್ತಿಲ್ಲದ ಹುಡುಗಿಯದು ಅನ್ನುತ್ತಾರೆ.

ಮನೆಮಂದಿಗೆ ನಿಜವಾಗಿ ಉಪಯೋಗಕ್ಕೆ ಬರುವ ಮಾತೆಂದರೆ ಉಸಿರಿನದು. ಬಿದ್ದವರು ಮಧ್ಯೆ ಮಧ್ಯೆ ಗೊರಕೆ ಹೊಡೆದ ಹಾಗೆ, ಬಾಯಿ ತೆರೆದು ಗಾಳಿ ನುಂಗಿದ ಹಾಗೆ ಮಾಡುತ್ತಾರೆ. ಉಸಿರು ಆಡ್ತಾ ಇದೆ ಬಿಡು ಅಂತ ಜನ ಸುಮ್ಮನಿದ್ದುಬಿಡುತ್ತಾರೆ. ಅದು ಉಸಿರಲ್ಲ. ಕರೆದರೆ ಎಚ್ಚರ ಇಲ್ಲ, ಉಸಿರು ಹೀಗಿದೆ ಅಂದರೆ ಒತ್ತುವುದು ಶುರು ಮಾಡಬೇಕು. ಕೆಲವರಿಗೆ ಹೃದಯ ನಿಂತ ಕೂಡಲೇ ಸ್ವಲ್ಪ ಹೊತ್ತು ಕೈಕಾಲು ಸೆಳೆಯುತ್ತವೆ. ನಮ್ಮ ಕಡೆ ಏನು ಮಾಡುತ್ತಾರೆ? ಮೂರ್ಛೆರೋಗ ಅಂತ ಕೈಯಲ್ಲಿ ಕಬ್ಬಿಣದ ಕೀಲಿ ಹಿಡಿಸುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಮುಖಕ್ಕೆ ನೀರು ಹೊಡೆದು ಬಾಯಿಗೂ ಒಂದಿಷ್ಟು ಹಾಕುತ್ತಾರೆ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಸರ್ ಇದನ್ನು ಹೇಳುವಾಗ ಯಾರನ್ನೂ ಹೀಯಾಳಿಸಲಿಲ್ಲ. ಕೀಲಿ ಹುಡುಕುವ ಎರಡು ನಿಮಿಷ ನನಗೆ ಕೊಡ್ರಿ ಅಂದರು, ಅಷ್ಟೇ. ರಕ್ತ ಹೋಗದಿದ್ದರೆ ನಾಲ್ಕರಿಂದ ಆರು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಕಲಘಟಗಿ ಕಡೆಯ ಹಳ್ಳಿಗೆ ಆ ಆರು ನಿಮಿಷದಲ್ಲಿ ಆಂಬುಲೆನ್ಸ್ ಬರುತ್ತದಾ? ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟು, ಗಾಡಿ ಬರುವವರೆಗೆ ಒತ್ತುತ್ತಾ ಇರಬೇಕು. ಮಂಚದ ಮೇಲೆ ಬೇಡ, ಹಾಸಿಗೆಯೇ ತಗ್ಗುತ್ತದೆ. ನೆಲಕ್ಕೆ ಇಳಿಸಿಕೊಳ್ಳಿ.

ಸರ್ ತಾವಾಗಿ ಎತ್ತದ ಒಂದು ವಿಷಯವನ್ನು ನಮ್ಮ ಜೊತೆಗಿದ್ದ ಕೇಶ್ವಾಪುರದ ಅಕ್ಕ ಒಬ್ಬರು ಎತ್ತಿದರು. ಬಿದ್ದವರು ಹೆಣ್ಣುಮಗಳಾದರೆ? ಬೇರೆ ದೇಶಗಳಲ್ಲೂ, ಸಾರ್ವಜನಿಕ ಜಾಗದಲ್ಲಿ ಹೆಂಗಸರು ಕುಸಿದಾಗ ಗಂಡಸರಿಗೆ ಸಿಗುವಷ್ಟು ಸಿಪಿಆರ್ ಸಿಗುವುದಿಲ್ಲ, ಜನ ಕೈ ಹಚ್ಚಲು ಹಿಂಜರಿಯುತ್ತಾರೆ. ನಮ್ಮಲ್ಲಿ ಕೇಳುವುದೇ ಬೇಡ. ಸೆರಗಿನ ಮೇಲಿನಿಂದಲೇ ಒತ್ತಬಹುದಾ ಅಂತ ಕೇಳಿದರು. ಒತ್ತಬಹುದು, ಬಟ್ಟೆ ಬಿಚ್ಚುವುದಕ್ಕೆ ಕಾಯಬೇಕಿಲ್ಲ. ಮಾಂಗಲ್ಯದ ಸರ ಕೈಗೆ ಅಡ್ಡ ಬಂದರೆ ಹೆಗಲ ಕಡೆಗೆ ಸರಿಸಿದರೆ ಆಯಿತು. ಆದರೆ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಮಷಿನ್, ಬಂದರೆ ಅದರ ಪ್ಯಾಡು ಬರಿ ಚರ್ಮಕ್ಕೇ ಅಂಟಬೇಕು, ಸರದ ಮೇಲೆ ಅಂಟಿಸಬಾರದು. ಒಳಉಡುಪು ಪೂರ್ತಿ ತೆಗೆಯದೆ ಸರಿಸಿಯೂ ಅಂಟಿಸಬಹುದು. ಇಬ್ಬರು ಹೆಂಗಸರು ಸೆರಗು ಹಿಡಿದು ಮರೆ ಮಾಡಿಕೊಳ್ಳಲಿ ಅಂದರು ಸರ್. ಇಂಥ ಮಾತು ಯಾರೋ ಕೇಳಿದಾಗ ಬರುವ ಬದಲು ಸ್ಲೈಡಿನಲ್ಲೇ ಇರಬೇಕಿತ್ತು.

ಸೇಫ್ಟಿ ಆಫೀಸರ್ ಕೇಳಿದ್ದು ಕೇಸಿನ ಬಗ್ಗೆ. ಪಕ್ಕೆಲುಬು ಮುರಿದರೆ ನಮ್ಮ ಮೇಲೆ ಬರುತ್ತದಾ? ಮುರಿಯುವುದುಂಟು, ಅದರಲ್ಲೂ ವಯಸ್ಸಾದವರಿಗೆ. ಆದರೂ ನಿಲ್ಲಿಸಬಾರದು ಅಂತ ಸರ್ ಹೇಳಿದರು, ಕಾನೂನಿನ ಮಾತನ್ನು ಮಾತ್ರ ತೇಲಿಸಿದರು. ನಾನೇ ಹೇಳುತ್ತೇನೆ. ಕರ್ನಾಟಕಕ್ಕೆ ತನ್ನದೇ ಗುಡ್ ಸಮರಿಟನ್ ಕಾಯ್ದೆ ಇದೆ, 2016ರದು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ರಸ್ತೆ ಅಪಘಾತಕ್ಕಾದರೆ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಇಡೀ ದೇಶಕ್ಕೆ ಲಾಗೂ ಆಗುತ್ತದೆ. ಒಳ್ಳೆಯ ಮನಸ್ಸಿನಿಂದ ಸಹಾಯಕ್ಕೆ ನಿಂತವರ ಪರವಾಗಿ ಮಾಡಿದ ಕಾಯ್ದೆಗಳು ಇವು.

ಎಇಡಿ ಪಾಠಕ್ಕೆ ಪ್ರಾಕ್ಟೀಸ್ ಮಷಿನ್ ಒಂದೇ ಇತ್ತು, ಅದೂ ಇಂಗ್ಲಿಷಿನಲ್ಲೇ ಮಾತಾಡುತ್ತದೆ. ಆದರೆ ಇದಕ್ಕಿಂತ ಸುಲಭದ ಮಷಿನ್ ನಾನು ನೋಡಿಲ್ಲ. ಆನ್ ಮಾಡಿ, ಒಂದು ಪ್ಯಾಡು ಬಲಗಡೆ ಕಾಲರ್ ಎಲುಬಿನ ಕೆಳಗೆ, ಇನ್ನೊಂದು ಎಡಗಡೆ ಕಂಕುಳ ಕೆಳಗೆ ಅಂಟಿಸಿದರೆ ಮುಂದಿನದನ್ನು ಅದೇ ಹೇಳುತ್ತದೆ. ಶಾಕ್ ಬೇಕಾ ಬೇಡವಾ ಅಂತ ಅದೇ ನೋಡಿ ತೀರ್ಮಾನ ಮಾಡುತ್ತದೆ. ಸಿನಿಮಾದಲ್ಲಿ ಗೆರೆ ಸೀದಾ ಆದ ಮೇಲೆ ಶಾಕ್ ಕೊಟ್ಟು ಎಬ್ಬಿಸುತ್ತಾರಲ್ಲ, ಅದು ಸುಳ್ಳು. ಹೃದಯ ಅಡ್ಡಾದಿಡ್ಡಿ ನಡುಗುತ್ತಿದ್ದರೆ ಮಾತ್ರ ಶಾಕ್ ಕೆಲಸ ಮಾಡುತ್ತದೆ. ಎದೆ ಒದ್ದೆ ಇದ್ದರೆ ಒರೆಸಬೇಕು, ಶಾಕ್ ಹೋಗುವಾಗ ಯಾರೂ ಮುಟ್ಟಿರಬಾರದು. ಎಂಟು ವರ್ಷದೊಳಗಿನ ಮಕ್ಕಳಿಗೆ ಚಿಕ್ಕ ಪ್ಯಾಡು. ಅದು ಇಲ್ಲದಿದ್ದರೆ ದೊಡ್ಡದೇ ನಡೆಯುತ್ತದೆ, ಒಂದಕ್ಕೊಂದು ತಾಗುವ ಹಾಗಿದ್ದರೆ ಒಂದು ಎದೆಗೆ, ಒಂದು ಬೆನ್ನಿಗೆ.

ಎಲ್ಲಾ ಸರಿ, ಆದರೆ ನಮ್ಮೂರಲ್ಲಿ ಮಷಿನ್ ಎಲ್ಲಿದೆ? ಇದನ್ನು ಕೇಳಿದಾಗ ಇಡೀ ಕ್ಲಾಸು ನಕ್ಕಿತು. ಹುಬ್ಬಳ್ಳಿಯ ಸಿದ್ಧಾರೂಢ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ಎಷ್ಟು ಹೆಮ್ಮೆಪಟ್ಟೆವು. ಈ ತುದಿಯಲ್ಲಿ ಒಬ್ಬರು ಬಿದ್ದು ಆ ತುದಿಯಲ್ಲಿ ಮಷಿನ್ ಇದ್ದರೆ ಒಂದು ಕಡೆ ನಡೆಯಲಿಕ್ಕೇ ಕಾಲು ತಾಸು ಬೇಕು. ಸಿಪಿಆರ್ ಇಲ್ಲದೆ ಹೋದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ, ಲೆಕ್ಕ ನೀವೇ ಹಾಕಿ. ಹಾಗಾಗಿ ಮಷಿನ್ ಬಂದಾಗ ಬರಲಿ, ಕೈ ಇದೆಯಲ್ಲ ಅಂದರು ಸರ್.

ಊಟ ಚೆನ್ನಾಗಿತ್ತು. ಕ್ಲಾಸಿನ ಫೀಸಿನಲ್ಲೇ ಬಂತು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬಡಿಸುವವರು ಒತ್ತಾಯ ಮಾಡಿ ಬಡಿಸಿದರು. ಅದರ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಪಾಠ ಇಟ್ಟರೆ ಯಾರಿಗೆ ನಿದ್ದೆ ಬರುವುದಿಲ್ಲ ಹೇಳಿ. ಇಲ್ಲೇ ನನಗೆ ಬೇಸರ ಆಗಿದ್ದು. ಮುಖವಾಡ ಹಿಡಿಯುವುದು, ಬ್ಯಾಗು ಒತ್ತುವುದು, ಕುತ್ತಿಗೆಯಲ್ಲಿ ನಾಡಿ ಹುಡುಕುವುದು, ನಾಡಿ ಇದ್ದು ಉಸಿರಿಲ್ಲದ ದೊಡ್ಡವರಿಗೆ ಆರು ಸೆಕೆಂಡಿಗೊಂದು ಉಸಿರು, ಮಕ್ಕಳಿಗೆ ಎರಡು-ಮೂರು ಸೆಕೆಂಡಿಗೊಂದು. ನರ್ಸಿಂಗ್ ಹುಡುಗಿಯರಿಗೆ ಇದೇ ಮುಖ್ಯ, ಅವರ ಪರೀಕ್ಷೆ ಇರುವುದೇ ಇದರ ಮೇಲೆ. ಆದರೆ ನಮ್ಮ ಮನೆಯಲ್ಲಿ ಆಂಬು ಬ್ಯಾಗ್ ಇಲ್ಲ, ನಾಡಿ ಹುಡುಕುತ್ತಾ ಕೂರುವುದು ಸಾಮಾನ್ಯ ಜನರ ಕೆಲಸವೂ ಅಲ್ಲ. ಎರಡು ತಾಸು ನಾವು ಮೂವರು ಹಿಂದಿನ ಕುರ್ಚಿಯಲ್ಲಿ ಕೂತು ನೋಡಿದೆವು. ಆ ಹೊತ್ತಿನಲ್ಲಿ ನಮ್ಮನ್ನು ಪಕ್ಕದ ರೂಮಿನಲ್ಲಿ ಕೂರಿಸಿ ಕೂಸಿನ ಗೊಂಬೆ ಕೊಟ್ಟಿದ್ದರೆ ಎಷ್ಟೋ ಆಗುತ್ತಿತ್ತು.

ಗಂಟಲಲ್ಲಿ ಸಿಕ್ಕಿಕೊಂಡಾಗ ಏನು ಮಾಡಬೇಕು ಅನ್ನುವ ಪಾಠ ಎಲ್ಲರನ್ನೂ ಎಬ್ಬಿಸಿತು. ನಮ್ಮ ಮನೆಗಳಲ್ಲಿ ಯಾರಿಗಾದರೂ ನೆತ್ತಿಗೇರಿದರೆ ನೆತ್ತಿ ತಟ್ಟುತ್ತೇವೆ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು, ಕೆಮ್ಮಿಗಿಂತ ಒಳ್ಳೆಯ ಉಪಾಯ ಇಲ್ಲ. ಕೆಮ್ಮು ನಿಂತು, ಮಾತು ಬಾರದೆ, ಕೈ ಗಂಟಲಿಗೆ ಹೋಯಿತು ಅಂದರೆ ಆಗ ಏಳಬೇಕು. ಮುಂದಕ್ಕೆ ಬಾಗಿಸಿ, ಬೆನ್ನಿನ ಎರಡು ರೆಕ್ಕೆ ಎಲುಬಿನ ನಡುವೆ ಅಂಗೈ ಬುಡದಿಂದ ಐದು ಏಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಗಡೆ ಮುಷ್ಟಿ ಇಟ್ಟು ಒಳಗೆ-ಮೇಲೆ ಐದು ಸಲ ಜೋರಾಗಿ ಎಳೆಯುವುದು. ಹೊರಗೆ ಬರುವವರೆಗೆ ಇದನ್ನೇ ಮಾಡುತ್ತಿರಬೇಕು. ಬಸುರಿಯರಿಗೆ ಹೊಟ್ಟೆ ಬೇಡ, ಎದೆಯ ಮೇಲೆ. ಪ್ರಜ್ಞೆ ತಪ್ಪಿ ಕುಸಿದರೆ ಸೀದಾ ಸಿಪಿಆರ್. ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಲೇಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿನಲ್ಲಿ ಇರುವ ಹಾಗೆ ದವಡೆ ಹಿಡಿದು, ಬೆನ್ನಿಗೆ ಐದು ಏಟು, ಅಂಗಾತ ತಿರುಗಿಸಿ ಎದೆಗೆ ಐದು ಒತ್ತು. ಬಾಯಿಯೊಳಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬಾರದು, ಇನ್ನೂ ಒಳಗೆ ಹೋಗುತ್ತದೆ. ನಮ್ಮ ಅತ್ತೆಯವರ ಮೊದಲ ಉಪಾಯವೇ ಬೆರಳು ಹಾಕುವುದು. ಮನೆಗೆ ಬಂದು ಹೇಳಿದರೆ, "ನಾ ನಾಕ್ ಮಕ್ಕಳನ್ನ ಹಿಂಗ ಬೆಳಿಸೇನಿ" ಅಂದರು. ಸದ್ಯಕ್ಕೆ ಶೇಂಗಾ ಡಬ್ಬಿ ಮೇಲಿನ ಮಾಡಕ್ಕೆ ಹೋಗಿದೆ, ಅಷ್ಟಕ್ಕೆ ರಾಜಿ.

ಕೂಸಿನ ಸಿಪಿಆರ್ ಬರುವಷ್ಟರಲ್ಲಿ ಸಂಜೆ ಆಗಿತ್ತು. ಗೊಂಬೆ ಒಂದೇ. ಸ್ಲೈಡಿನಲ್ಲಿ ಎರಡು ಬೆರಳಿನಿಂದ ಎದೆ ಒತ್ತುವ ಚಿತ್ರ. ಆಗ ಹಿಂದಿನ ಸಾಲಿನ ಒಬ್ಬ ನರ್ಸಿಂಗ್ ಹುಡುಗಿ ಕೈ ಎತ್ತಿ, "ಸರ್, ಇದು ಬದಲಾಗೇತಲ್ರೀ" ಅಂದಳು. ಅವಳ ಮಾತು ಖರೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರ ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಕೂಸಿಗೆ ಎರಡು ಬೆರಳಿನಿಂದ ಒತ್ತುವುದನ್ನು ಕೈಬಿಟ್ಟಿದ್ದಾರೆ, ಬೆರಳಿನಿಂದ ಬೇಕಾದಷ್ಟು ಆಳ ಸಿಗುವುದಿಲ್ಲ ಅಂತ. ಒಂದು ಅಂಗೈಯ ಬುಡದಿಂದ ಒತ್ತಬೇಕು, ಇಲ್ಲವೇ ಎರಡೂ ಕೈಯಿಂದ ಎದೆಯನ್ನು ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ. ಗಂಟಲಿಗೆ ಸಿಕ್ಕಿಕೊಂಡ ದೊಡ್ಡವರಿಗೆ ಮೊದಲು ಬೆನ್ನಿಗೆ ಏಟು ಅನ್ನುವುದನ್ನು ಅವರು ಸೇರಿಸಿದ್ದೂ ಆಗಲೇ. ಅದನ್ನು ಸರ್ ಸರಿಯಾಗೇ ಹೇಳಿದ್ದರು, ಕೂಸಿನ ಸ್ಲೈಡು ಮಾತ್ರ ಹಳೆಯದು ಉಳಿದುಬಿಟ್ಟಿತ್ತು. ಸಿಟ್ಟಾಗಲಿಲ್ಲ ಅವರು. ಚಹಾ ಕುಡಿಯುತ್ತಾ ಫೋನಿನಲ್ಲಿ ತೆಗೆದು ಓದಿ, ವಾಪಸ್ ಬಂದು ಹೊಸದಾಗಿ ತೋರಿಸಿದರು. ಅದಕ್ಕೆ ಅವರಿಗೆ ಒಂದು ಅಂಕ ಜಾಸ್ತಿ. ಕೇಂದ್ರದವರಿಗೆ ಮಾತ್ರ ಕಡಿಮೆ, ಸ್ಲೈಡು ಬದಲಿಸುವುದು ಅವರ ಕೆಲಸ.

ಮಕ್ಕಳ ಲೆಕ್ಕ ಹೀಗಿದೆ. ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ: ಮಕ್ಕಳಿಗೆ ಸುಮಾರು ಐದು ಸೆಂಟಿಮೀಟರ್, ಕೂಸಿಗೆ ಸುಮಾರು ನಾಲ್ಕು. ಮಕ್ಕಳಿಗೆ ಅವರ ಮೈಕಟ್ಟು ನೋಡಿ ಒಂದು ಕೈ ಅಥವಾ ಎರಡು. ವೇಗ ಅದೇ. ಒಬ್ಬರೇ ಇದ್ದರೆ 30ಕ್ಕೆ 2, ಕಲಿತವರು ಇಬ್ಬರಿದ್ದರೆ 15ಕ್ಕೆ 2. ಕೂಸಿಗೆ ಉಸಿರು ಕೊಡುವಾಗ ನಮ್ಮ ಬಾಯಿ ಅದರ ಬಾಯಿ-ಮೂಗು ಎರಡನ್ನೂ ಮುಚ್ಚಬೇಕು. ಎದೆ ತುಸು ಏಳುವಷ್ಟು ಊದಿದರೆ ಸಾಕು, ಎದೆ ತುಂಬಾ ಗಾಳಿ ತೆಗೆದುಕೊಂಡು ಊದುವ ಹಾಗಿಲ್ಲ. ದೊಡ್ಡವರಿಗೆ ಬಾಯಿಗೆ ಬಾಯಿ ಹಚ್ಚಲು ಮನಸ್ಸಾಗದಿದ್ದರೆ ಬರೀ ಒತ್ತಿದರೂ ನಡೆಯುತ್ತದೆ. ಮಕ್ಕಳಿಗೆ ಹಾಗಲ್ಲ. ದೊಡ್ಡವರಲ್ಲಿ ಹೆಚ್ಚಾಗಿ ಹೃದಯವೇ ಮೊದಲು ಕೈಕೊಡುತ್ತದೆ, ಮಕ್ಕಳಲ್ಲಿ ಹೆಚ್ಚಾಗಿ ಮೊದಲು ಉಸಿರು ನಿಂತು ಆಮೇಲೆ ಹೃದಯ ನಿಲ್ಲುತ್ತದೆ. ಹಾಗಾಗಿ ಅವರಿಗೆ ಉಸಿರು ಕೊಡಲೇಬೇಕು.

ಮಾಸ್ತರರು ಕೃಷಿ ಹೊಂಡದ ಬಗ್ಗೆ ಕೇಳಿದರು. ನೀರಿಗೆ ಬಿದ್ದ ಮಕ್ಕಳನ್ನು ಎತ್ತಿದ ಕೂಡಲೇ ಕಾಲು ಹಿಡಿದು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ಬೇಡ. ಹೊಟ್ಟೆ ಒತ್ತಿದರೆ ವಾಂತಿಯಾಗಿ ಅದೇ ಶ್ವಾಸಕೋಶಕ್ಕೆ ಹೋಗುತ್ತದೆ, ಟೈಮೂ ಹೋಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಉಸಿರು ಕೊಟ್ಟು ಸಿಪಿಆರ್ ಶುರು ಮಾಡಬೇಕು. ಇದಿಷ್ಟನ್ನೂ ಹತ್ತೇ ನಿಮಿಷದಲ್ಲಿ ಮುಗಿಸಿದರು. ಗದಗ, ಹಾವೇರಿ, ನವಲಗುಂದದ ಕಡೆಯವರು ಕ್ಲಾಸಿಗೆ ಬರುತ್ತಾರೆ ಅಂದಮೇಲೆ ಇದಕ್ಕೆ ಅರ್ಧ ತಾಸಾದರೂ ಇಡಬೇಕು.

ಸರ್ಟಿಫಿಕೇಟಿನ ರಗಳೆ ಕೊನೆಗೆ. ಜಾಹೀರಾತಿನಲ್ಲಿ ಅಂತಾರಾಷ್ಟ್ರೀಯ ಅಂತ ದಪ್ಪ ಅಕ್ಷರದಲ್ಲಿತ್ತು. ಸಂಜೆ ಗೊತ್ತಾಗಿದ್ದು ಏನೆಂದರೆ ಅದಕ್ಕೆ ಬೇರೆ ಫೀಸು, ನಾವು ಕಟ್ಟಿದ ಎರಡೂವರೆ ಸಾವಿರಕ್ಕೆ ಸಿಗುವುದು ಕೇಂದ್ರದ್ದೇ ಒಂದು ಕಾಗದ. ನನಗೇನೂ ನಷ್ಟ ಇಲ್ಲ, ಆದರೆ ಇಬ್ಬರು ಹುಡುಗಿಯರ ಕಣ್ಣಲ್ಲಿ ನೀರು ಬಂತು, ಇಂಟರ್‌ವ್ಯೂ ಹತ್ತಿರ ಇತ್ತು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ (ಆಸ್ಪತ್ರೆಯವರ ಸಿಪಿಆರ್ ಕೋರ್ಸಿನ) ಕಾರ್ಡು ಬೇಕಿದ್ದವರು ದುಡ್ಡು ಕಟ್ಟುವ ಮುಂಚೆಯೇ ಬಾಯಿಬಿಟ್ಟು ಕೇಳಿ, ಮೆಸೇಜಿನಲ್ಲಿ ಉತ್ತರ ತೆಗೆದುಕೊಳ್ಳಿ. ಆ ಕಾರ್ಡು ಎರಡು ವರ್ಷಕ್ಕೆ ಮಾತ್ರ, ಆನ್‌ಲೈನಿನಲ್ಲಿ ಅಸಲಿಯೋ ನಕಲಿಯೋ ನೋಡಬಹುದು. ಮನೆಮಂದಿಗೆ ಅವರದೇ ಹಾರ್ಟ್‌ಸೇವರ್ ಅಂತ ಬೇರೆ ಕೋರ್ಸಿದೆ, ಅದನ್ನು ನಡೆಸುತ್ತೀರಾ ಅಂತಲೂ ಕೇಳಿ.

ಇಷ್ಟೂ ಬೇಡ, ಬರೀ ದೊಡ್ಡವರ ಎದೆ ಒತ್ತುವುದು ಬಂದರೆ ಸಾಕು ಅನ್ನುವವರು ದುಡ್ಡು ಕೊಡುವುದೇ ಬೇಡ. ನಮ್ಮ ದೇಶದ ಅರಿವಳಿಕೆ ಡಾಕ್ಟರುಗಳ ಸಂಘ ಜನಸಾಮಾನ್ಯರಿಗಾಗಿಯೇ 2017ರಲ್ಲಿ ಸಿಒಎಲ್‌ಎಸ್ ಅಂತ ಒಂದು ಪದ್ಧತಿ ಮಾಡಿದೆ. ಬಾಯಿ ಉಸಿರಿಲ್ಲ, ಬರೀ ಒತ್ತುವುದು: ಗುರುತಿಸು, ಫೋನ್ ಮಾಡು, ಒತ್ತು, ಆಸ್ಪತ್ರೆಗೆ ಸಾಗಿಸು. ಕಾಲೇಜು, ಆಸ್ಪತ್ರೆಗಳಲ್ಲಿ ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನದ ಆಸುಪಾಸು ಇಂಥ ಶಿಬಿರ ನಡೆಯುವುದುಂಟು, ವಿಚಾರಿಸಿ ನೋಡಿ. ಮಕ್ಕಳು, ಕೂಸು ಇರುವ ಮನೆಯವರಿಗೆ ಮಾತ್ರ ಅದು ಸಾಲದು.

ಒಟ್ಟು ಐದಕ್ಕೆ ಮೂರೂವರೆ. ದೊಡ್ಡವರ ಪಾಠಕ್ಕಾದರೆ ಐದಕ್ಕೆ ಐದೇ ಕೊಡುತ್ತಿದ್ದೆ. ಫೋನ್ ಮಾಡಿದಾಗ ಮೂರು ಮಾತು ಕೇಳಿ: ಎಷ್ಟು ಜನಕ್ಕೆ ಎಷ್ಟು ಗೊಂಬೆ, ಕೂಸಿನ ಗೊಂಬೆ ಎಷ್ಟು, ಕೂಸಿನ ಪಾಠ ಊಟಕ್ಕಿಂತ ಮುಂಚೆ ಮಾಡುತ್ತೀರಾ. ಮೂರನೆಯದಕ್ಕೆ ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ. ಹೆಣ್ಣುಮಕ್ಕಳು ಚೂಡಿದಾರ ಹಾಕಿಕೊಂಡು ಹೋಗಿ, ಸೀರೆಯಲ್ಲಿ ಮೊಣಕಾಲೂರಿ ಒತ್ತುವುದು ಕಷ್ಟ. ನೆಲದ ಮೇಲೆ ಚಾಪೆ ಹಾಸಿರುವುದಿಲ್ಲ, ಮೊಣಕಾಲಿಗೆ ಹಳೇ ಟವೆಲ್ ಒಂದು ಇರಲಿ. ಗಾಡಿ ಒಯ್ಯಬೇಡಿ, ನಿಲ್ಲಿಸಲು ಜಾಗ ಇಲ್ಲ. ಧಾರವಾಡದಿಂದ ಬರುವವರು ಚಿಗರಿ ಬಸ್ಸು ಹತ್ತುವುದೇ ಒಳ್ಳೆಯದು.